ಸಹಿ ಹಾಕುವ ಕೈ, ನೀರಿನಿಂದ ಎತ್ತುವ ಕೈ

(ನಮ್ಮ ಪ್ರೌಢಶಾಲೆಯ ಸುವರ್ಣ ಮಹೋತ್ಸವದ ಎರಡನೆಯ ದಿನ, ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ನಾನು ಈ ಶಾಲೆಯ ಮೂರನೆಯ ಬ್ಯಾಚಿನವನು. ಆಗ ಈ ಕಟ್ಟಡ ಇರಲಿಲ್ಲ. ದೇವಸ್ಥಾನದ ಹಿಂದಿನ ಹೆಂಚಿನ ಚಾವಡಿಯಲ್ಲಿ ಎಂಟನೆಯ ತರಗತಿ, ಅದರ ಜಗುಲಿಯಲ್ಲಿ ಒಂಬತ್ತನೆಯದು. ಮಳೆ ಜೋರಾದರೆ ಎರಡೂ ಒಂದೇ ತರಗತಿ. ಇಲ್ಲಿಂದ ಹೋದವನು ಮುಂದೆ ಮರ್ಚೆಂಟ್ ನೇವಿ ಸೇರಿ, ಮೂವತ್ತು ವರ್ಷಕ್ಕೂ ಮಿಕ್ಕಿ ಹಡಗುಗಳ ಎಂಜಿನ್ ಕೋಣೆಯಲ್ಲಿ ಕಳೆದು, ಈಗ ಊರಿಗೆ ಬಂದು ತೆಂಗಿನ ಮರಗಳಿಗೆ ನೀರು ಬಿಡುತ್ತಿದ್ದೇನೆ. ಸಮಿತಿಯವರು ಬಂದು, "ನೀವು ಕಂಡ ಸಮುದ್ರದ ಬಗ್ಗೆ ಅರ್ಧ ಗಂಟೆ ಮಾತನಾಡಿ" ಎಂದರು. ಸಮುದ್ರ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಅದಕ್ಕೇ ನಾನು ಹಡಗಿನ ಒಂದು ಕಾಗದದ ಬಗ್ಗೆ ಮಾತನಾಡುತ್ತೇನೆ.

ಪ್ರತಿ ಹಡಗಿನಲ್ಲೂ ಒಂದು ಪ್ರಮಾಣಪತ್ರ ಇರುತ್ತದೆ. ಈ ಹಡಗು ಗಟ್ಟಿಯಾಗಿದೆ, ಇಷ್ಟು ಜನರನ್ನು ಹೊರಬಲ್ಲದು, ಜೀವರಕ್ಷಕ ದೋಣಿಗಳಿವೆ, ಬೆಂಕಿ ಆರಿಸುವ ಪಂಪು ಕೆಲಸ ಮಾಡುತ್ತದೆ ಎಂದು ಅದರಲ್ಲಿ ಬರೆದಿರುತ್ತದೆ. ಕೆಳಗೆ ಒಬ್ಬರ ಸಹಿ. ಆ ಸಹಿ ಯಾರು ಹಾಕಬೇಕು? ಸಣ್ಣ ಪ್ರಶ್ನೆಯಂತೆ ಕಾಣುತ್ತದೆ. ಆದರೆ ಸಾವಿರಾರು ಜನ ಸತ್ತ ಮೇಲೆ, ನೂರು ವರ್ಷಕ್ಕೂ ಹೆಚ್ಚು ಕಾಲ ತೆಗೆದುಕೊಂಡು, ಒಂದು ದೇಶ ಇದಕ್ಕೆ ಉತ್ತರ ಹುಡುಕಿತು. ಆ ದೇಶ ಅಮೆರಿಕ. ಆ ಕಥೆಯನ್ನು ಮೊದಲು ಹೇಳಿ, ಆಮೇಲೆ ನಮ್ಮ ಹೊಳೆಗೆ ಬರುತ್ತೇನೆ.

ಅದಕ್ಕೂ ಮೊದಲು ಒಂದು ತಪ್ಪೊಪ್ಪಿಗೆ. ಹೊಸದಾಗಿ ಹಡಗು ಸೇರಿದ್ದ ಕಾಲ. ವಾರಕ್ಕೊಮ್ಮೆ ತುರ್ತು ಫೈರ್ ಪಂಪನ್ನು ನಡೆಸಿ ನೋಡಿ ಪುಸ್ತಕದಲ್ಲಿ ಬರೆಯುವುದು ನನ್ನ ಕೆಲಸ. ಬಂದರಿನಲ್ಲಿ ಎರಡು ರಾತ್ರಿ ನಿದ್ದೆಗೆಟ್ಟಿದ್ದೆ. ಪಂಪಿನ ಹತ್ತಿರ ಹೋಗದೆಯೇ "ನಡೆಸಿ ನೋಡಿದೆ, ಸರಿಯಿದೆ" ಎಂದು ಬರೆದು ಸಹಿ ಹಾಕಿದೆ. ಮೂರು ದಿನ ಬಿಟ್ಟು ಅಗ್ನಿಶಾಮಕ ಅಭ್ಯಾಸ ನಡೆಯಿತು. ಸೆಕೆಂಡ್ ಇಂಜಿನಿಯರ್ ಸಾಹೇಬರು ಪಂಪು ಚಾಲೂ ಮಾಡು ಎಂದರು. ಅದು ಎರಡು ಸಲ ಕೆಮ್ಮಿ ನಿಂತೇಹೋಯಿತು. ಅವರು ಬೈಯಲಿಲ್ಲ. ಪುಸ್ತಕ ತರಿಸಿ, ನನ್ನ ಸಹಿಯ ಮೇಲೆ ಬೆರಳಿಟ್ಟು, ಒಂದು ನಿಮಿಷ ನನ್ನ ಮುಖ ನೋಡಿದರು. ಅಂದು ನಿಜವಾದ ಬೆಂಕಿ ಬಿದ್ದಿರಲಿಲ್ಲ, ಅಷ್ಟೇ. ಹಡಗಿನಲ್ಲಿ ಮೂವತ್ತಕ್ಕೂ ಹೆಚ್ಚು ಜನ ಇದ್ದರು.

ಆ ರಾತ್ರಿ ನನಗೆ ನೆನಪಾದವರು ಈ ಶಾಲೆಯ ವಿಜ್ಞಾನದ ಮಾಸ್ತರರು. ಪ್ರಯೋಗ ಮಾಡದೆ, ಪಕ್ಕದವನ ಪುಸ್ತಕ ನೋಡಿ ರೆಕಾರ್ಡ್ ಬರೆದು ತಂದರೆ ಅವರು ಸಹಿ ಹಾಕುತ್ತಿರಲಿಲ್ಲ. "ಉತ್ತರ ಸರಿಯಿದೆಯಲ್ಲ ಸರ್?" ಎಂದರೆ, "ಉತ್ತರ ಸರಿಯಿದೆಯೋ, ನೀನು ನೋಡಿದೆಯೋ? ನನ್ನ ಸಹಿ ನೀನು ನೋಡಿದ್ದಕ್ಕೆ" ಎನ್ನುತ್ತಿದ್ದರು. ನಾವು ಅವರನ್ನು ಬಹಳ ಬೈದುಕೊಂಡಿದ್ದೇವೆ. ಈಗ ನನ್ನ ಮಾತೆಲ್ಲ ಅವರ ಆ ಒಂದು ಮಾತಿನ ವಿಸ್ತಾರ.

ಈಗ ಅಮೆರಿಕಕ್ಕೆ ಹೋಗೋಣ. ಸುಮಾರು ಇನ್ನೂರು ವರ್ಷಗಳ ಹಿಂದೆ ಅಲ್ಲಿಯ ನದಿಗಳಲ್ಲಿ ಉಗಿಹಡಗುಗಳು ಓಡಾಡತೊಡಗಿದವು. ಕಟ್ಟಿಗೆ ಉರಿಸಿ ಬಾಯ್ಲರಿನಲ್ಲಿ ಉಗಿ ಮಾಡುವುದು, ಪಕ್ಕದ ಹಡಗನ್ನು ಹಿಂದೆ ಹಾಕಲು ಒತ್ತಡ ಏರಿಸುವುದು, ಬಾಯ್ಲರ್ ಸಿಡಿಯುವುದು, ಇದೇ ಕಥೆ. 1838ರ ಏಪ್ರಿಲ್‌ನಲ್ಲಿ ಸಿನ್ಸಿನಾಟಿ ಪಟ್ಟಣದ ಬಳಿ ಮೊಸೆಲ್ ಎಂಬ ಹಡಗು ಹೀಗೆ ಸಿಡಿದು ನೂರಕ್ಕೂ ಹೆಚ್ಚು ಜನ ಸತ್ತರು. ಅದೇ ವರ್ಷ ಜುಲೈಯಲ್ಲಿ ಮೊದಲ ಕಾನೂನು ಬಂತು. ಹಡಗನ್ನೂ ಬಾಯ್ಲರನ್ನೂ ತಪಾಸಣೆ ಮಾಡಿಸಬೇಕು ಎಂದಾಯಿತು. ತಪಾಸಕರನ್ನು ನ್ಯಾಯಾಧೀಶರು ನೇಮಿಸುತ್ತಿದ್ದರು. ಆದರೆ ಅವರ ಶುಲ್ಕ ಕೊಡುತ್ತಿದ್ದವರು ಯಾರು? ಹಡಗಿನವರೇ. ತಪಾಸಣೆಗೆ ಐದು ಡಾಲರ್. ಪರೀಕ್ಷೆ ಬರೆಯುವ ಹುಡುಗನೇ ಮಾಸ್ತರರಿಗೆ ಸಂಬಳ ಕೊಟ್ಟರೆ ಎಷ್ಟು ಜನ ನಪಾಸಾಗುತ್ತಾರೆ? ಸ್ಫೋಟಗಳು ನಿಲ್ಲಲಿಲ್ಲ.

1852ರಲ್ಲಿ ಕಾನೂನನ್ನು ಬಿಗಿ ಮಾಡಿದರು. ಬಾಯ್ಲರಿಗೆ ನೀರಿನ ಒತ್ತಡ ಹಾಕಿ ಪರೀಕ್ಷಿಸಬೇಕು, ಇಂಜಿನಿಯರಿಗೂ ಪೈಲಟನಿಗೂ ಲೈಸೆನ್ಸ್ ಬೇಕು ಎಂದಾಯಿತು. ಇದರಿಂದ ಪ್ರಯೋಜನ ಆಯಿತು. ಆದರೂ 1865ರ ಏಪ್ರಿಲ್ 27ರಂದು ಮಿಸಿಸಿಪ್ಪಿ ನದಿಯಲ್ಲಿ ಸುಲ್ತಾನಾ ಎಂಬ ಹಡಗಿನ ಬಾಯ್ಲರುಗಳು ಸಿಡಿದವು. ಅದರ ಕಾಗದದಲ್ಲಿ ಬರೆದ ಮಿತಿ 376 ಜನ. ಅಂದು ಹತ್ತಿದ್ದವರು ಎರಡು ಸಾವಿರಕ್ಕೂ ಹೆಚ್ಚು. ಹೆಚ್ಚಿನವರು ಅಂತರ್ಯುದ್ಧ ಮುಗಿದು, ಸೆರೆಯಿಂದ ಬಿಡುಗಡೆಯಾಗಿ ಮನೆಗೆ ಹೊರಟಿದ್ದ ಸೈನಿಕರು. ತಲೆಗೆ ಇಷ್ಟೆಂದು ಸರ್ಕಾರ ಬಾಡಿಗೆ ಕೊಡುತ್ತಿತ್ತು. ಸೋರುತ್ತಿದ್ದ ಬಾಯ್ಲರಿಗೆ ದಾರಿಯಲ್ಲೇ ತೇಪೆ ಹಾಕಿಸಿ ಓಡಿಸಿದ್ದರು. ಸಾವಿರಕ್ಕೂ ಹೆಚ್ಚು ಜನ ಸತ್ತರು. ಯುದ್ಧದಿಂದ ಬದುಕಿ ಬಂದವರು ಮನೆ ದಾರಿಯಲ್ಲಿ ಹೋದರು. ಕಾಗದದಲ್ಲಿ ಮಿತಿ ಇತ್ತು. ಹಡಗುಕಟ್ಟೆಯ ಮೇಲೆ ನಿಂತು "ಇನ್ನು ಸಾಕು" ಎನ್ನುವವರು ಇರಲಿಲ್ಲ.

ನನ್ನನ್ನು ಹೆಚ್ಚು ಕಾಡುವುದು ಮುಂದಿನ ಘಟನೆ. 1904ರ ಜೂನ್ 15, ನ್ಯೂಯಾರ್ಕ್. ಒಂದು ಚರ್ಚಿನ ಸದಸ್ಯರು, ಹೆಚ್ಚಿನವರು ಹೆಂಗಸರು ಮತ್ತು ಮಕ್ಕಳು, ಜನರಲ್ ಸ್ಲೋಕಮ್ ಎಂಬ ಹಡಗಿನಲ್ಲಿ ವನಭೋಜನಕ್ಕೆ ಹೊರಟರು. ಸುಮಾರು 1,300 ಜನ. ನಡುದಾರಿಯಲ್ಲಿ ಬೆಂಕಿ. ಪಂಪಿನ ಪೈಪಿಗೆ ನೀರು ಬಿಟ್ಟಾಗ ಪೈಪು ಹರಿಯಿತು. ಲೈಫ್ ಜಾಕೆಟ್ ಎಳೆದರೆ ಬಟ್ಟೆ ಹರಿದು ಒಳಗಿನ ಬೆಂಡು ಪುಡಿಪುಡಿಯಾಗಿ ಉದುರಿತು. ಹದಿಮೂರು ವರ್ಷದ ಹಳೆಯ ಜಾಕೆಟ್‌ಗಳು ಅವು. ತಾಯಂದಿರು ಮಕ್ಕಳಿಗೆ ಅವನ್ನೇ ಕಟ್ಟಿ ನೀರಿಗೆ ಇಳಿಸಿದರು, ಮಕ್ಕಳು ಕಲ್ಲಿನಂತೆ ಮುಳುಗಿದರು. 1,021 ಜನ ಸತ್ತರು. ದಡ ಕಣ್ಣಿಗೆ ಕಾಣುತ್ತಿತ್ತು.

ಆ ಹಡಗನ್ನು ತಪಾಸಣೆ ಮಾಡಿ ಎಷ್ಟು ದಿನ ಆಗಿತ್ತು ಗೊತ್ತೇ? ಒಂದು ತಿಂಗಳು ಚಿಲ್ಲರೆ ದಿನ. ಸರ್ಕಾರದ ತಪಾಸಕ ಬಂದು ಎಲ್ಲವೂ ಸರಿಯಿದೆ ಎಂದು ಸಹಿ ಹಾಕಿ ಹೋಗಿದ್ದ. ಆಮೇಲೆ ಕ್ಯಾಪ್ಟನ್ ಜೈಲಿಗೆ ಹೋದ. ತಪಾಸಕನಿಗೆ ಶಿಕ್ಷೆ ಆಗಲಿಲ್ಲ. ಅವನು ಒಂದು ಜಾಕೆಟನ್ನು ಕೈಯಲ್ಲಿ ಹಿಡಿದು ಜಗ್ಗಿ ನೋಡಿದ್ದರೆ ಸಾಕಿತ್ತು. ಈ ಘಟನೆಯನ್ನು ಓದಿದಾಗಲೆಲ್ಲ ನನಗೆ ನನ್ನ ಪಂಪು ನೆನಪಾಗುತ್ತದೆ. ಅವನೂ ನಾನೂ ಬೇರೆ ಬೇರೆ ಜಾತಿಯವರಲ್ಲ.

ಎಂಟು ವರ್ಷದ ನಂತರ ಟೈಟಾನಿಕ್ ಮುಳುಗಿತು. ನೀವು ಸಿನಿಮಾದಲ್ಲಿ ನೋಡಿದ್ದೀರಿ. ಅದರಲ್ಲಿ ಇನ್ನೊಂದು ಬಗೆಯ ಪಾಠ ಇದೆ. ಸುಮಾರು 2,200 ಜನ ಇದ್ದ ಹಡಗಿನಲ್ಲಿ 1,178 ಜನರಿಗಾಗುವಷ್ಟು ಮಾತ್ರ ಜೀವರಕ್ಷಕ ದೋಣಿಗಳಿದ್ದವು. ಆದರೆ ಬ್ರಿಟನ್ನಿನ ಅಂದಿನ ಕಾನೂನಿನ ಪ್ರಕಾರ ಅದು ತಪ್ಪೇ ಅಲ್ಲ, ಬೇಕಾದದ್ದಕ್ಕಿಂತ ಹೆಚ್ಚೇ ಇತ್ತು. ನಿಯಮ ಬರೆದಾಗ ಅಷ್ಟು ದೊಡ್ಡ ಹಡಗುಗಳೇ ಇರಲಿಲ್ಲ. ಹಡಗು ಬೆಳೆಯಿತು, ನಿಯಮ ಬೆಳೆಯಲಿಲ್ಲ. ಅದಾದ ಮೇಲೆ 1914ರಲ್ಲಿ ಹಲವು ದೇಶಗಳು ಸೇರಿ ಸಮುದ್ರದಲ್ಲಿ ಜೀವರಕ್ಷಣೆಯ ಮೊದಲ ಒಪ್ಪಂದ ಮಾಡಿಕೊಂಡವು. ಸೋಲಾಸ್ ಎಂದು ಇಂದಿಗೂ ಎಲ್ಲ ನಾವಿಕರ ಬಾಯಲ್ಲಿರುವ ಹೆಸರು ಅದೇ.

ಇಷ್ಟು ಹೊತ್ತಿಗೆ ಅಮೆರಿಕದಲ್ಲಿ ಎರಡು ಬೇರೆ ಬೇರೆ ಇಲಾಖೆಗಳಿದ್ದವು. ಒಂದು, ಹಡಗು ನೋಡಿ ಸಹಿ ಹಾಕುವ ಇಲಾಖೆ. ಇನ್ನೊಂದು, ಅಪಘಾತವಾದಾಗ ಬಿರುಗಾಳಿಯಲ್ಲಿ ದೋಣಿ ಹಾಕಿಕೊಂಡು ಹೋಗಿ ಜನರನ್ನು ಎತ್ತುವ ಇಲಾಖೆ. ಎರಡನೆಯದೇ 1915ರಲ್ಲಿ ಕೋಸ್ಟ್ ಗಾರ್ಡ್ ಆಯಿತು. ಸುಂಕದ ಕಾವಲು ಕಾಯುತ್ತಿದ್ದ ಹಳೆಯ ಪಡೆ ಮತ್ತು ದಡದಲ್ಲಿ ನಿಂತು ಮುಳುಗುವವರನ್ನು ಉಳಿಸುತ್ತಿದ್ದ ಜೀವರಕ್ಷಕ ಸೇವೆ, ಎರಡನ್ನೂ ಕೂಡಿಸಿ ಮಾಡಿದ್ದು ಅದು. ಹೀಗೆ ಸಹಿ ಒಬ್ಬರದು, ಹೆಣ ಎತ್ತುವುದು ಇನ್ನೊಬ್ಬರದು. 1934ರಲ್ಲಿ ಮಾರೋ ಕ್ಯಾಸಲ್ ಎಂಬ ಹೊಸ ಪ್ರಯಾಣಿಕ ಹಡಗು ನ್ಯೂಜೆರ್ಸಿ ತೀರದ ಎದುರು ಉರಿದು 137 ಜನ ಸತ್ತ ಮೇಲೆ ಮತ್ತೆ ಗದ್ದಲ ಎದ್ದಿತು.

ಎರಡನೆಯ ಮಹಾಯುದ್ಧದ ನಡುವೆ, 1942ರಲ್ಲಿ, ಹಡಗುಗಳ ತಪಾಸಣೆ, ಪ್ರಮಾಣಪತ್ರ, ನಾವಿಕರ ಲೈಸೆನ್ಸ್ ಎಲ್ಲವನ್ನೂ ತಾತ್ಕಾಲಿಕವಾಗಿ ಕೋಸ್ಟ್ ಗಾರ್ಡಿಗೆ ಒಪ್ಪಿಸಿದರು. ಆಗ ಹಡಗುಕಟ್ಟೆಗಳಲ್ಲಿ ಹಗಲುರಾತ್ರಿ ಕೆಲಸ. ಲಿಬರ್ಟಿ ಎಂಬ ಒಂದೇ ಮಾದರಿಯ 2,710 ಹಡಗುಗಳನ್ನು ಕಟ್ಟಿದರು. ಮೊಳೆ ಹೊಡೆಯುವ ಬದಲು ವೆಲ್ಡಿಂಗ್ ಮಾಡಿ ಬೇಗ ಬೇಗ ಕಟ್ಟುವ ಹೊಸ ಪದ್ಧತಿ. 1943ರ ಜನವರಿಯಲ್ಲಿ ಸ್ಕೆನೆಕ್ಟಡಿ ಎಂಬ ಹೊಸ ತೈಲ ಹಡಗು, ಅಲೆ ಇಲ್ಲ ಗಾಳಿ ಇಲ್ಲ, ಕಟ್ಟೆಗೆ ಕಟ್ಟಿ ನಿಲ್ಲಿಸಿದ್ದಲ್ಲೇ ಎರಡಾಗಿ ಸೀಳಿತು. ಕಾರಣ ಹುಡುಕಲು ನೇಮಿಸಿದ ಮಂಡಳಿಯಲ್ಲಿ ಕೋಸ್ಟ್ ಗಾರ್ಡಿನ ಇಂಜಿನಿಯರುಗಳೂ ಇದ್ದರು. ಬಿರುಕು ಹರಡದಂತೆ ತಡೆಯುವ ಉಪಾಯಗಳನ್ನು ಉಳಿದ ಹಡಗುಗಳಿಗೆ ಅಳವಡಿಸಿದರು. ಯುದ್ಧ ಮುಗಿದ ಮೇಲೆ 1946ರಲ್ಲಿ ಆ ತಾತ್ಕಾಲಿಕ ವ್ಯವಸ್ಥೆ ಕಾಯಂ ಆಯಿತು.

ಎಲ್ಲರೂ ಖುಷಿಯಾಗಿ ಒಪ್ಪಿದರೇ? ಇಲ್ಲ. ಸಮವಸ್ತ್ರದ ಪಡೆಯ ಕೈಗೆ ದುಡಿಯುವ ನಾವಿಕನ ಲೈಸೆನ್ಸ್ ಕೊಟ್ಟರೆ ಅದು ದಂಡು ಆಳಿದಂತೆ ಆದೀತು ಎಂಬ ಅಂಜಿಕೆ ನಾವಿಕ ಸಂಘಗಳಿಗಿತ್ತು. ಇನ್ನೊಂದು ಆಕ್ಷೇಪ ಇಂದಿಗೂ ಇದೆ. ಪಡೆಯ ಅಧಿಕಾರಿಗೆ ಕೆಲವು ವರ್ಷಕ್ಕೊಮ್ಮೆ ವರ್ಗ. ಬಾಯ್ಲರಿನ ಮರ್ಮ ಕಲಿಯುವಷ್ಟರಲ್ಲಿ ಬೇರೆ ಊರು. ಸರ್ಕಾರಿ ಶಾಲೆಯ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಗಣಿತದ ಮಾಸ್ತರರು ಊರಿಗೆ ಹೊಂದಿಕೊಳ್ಳುವಷ್ಟರಲ್ಲಿ ಅವರ ವರ್ಗದ ಆದೇಶ ಬಂದಿರುತ್ತಿತ್ತು.

ಹಾಗಾದರೆ ಒಂದೇ ಪಡೆಗೆ ಎರಡೂ ಕೆಲಸ ಕೊಟ್ಟದ್ದರಿಂದ ಏನು ಲಾಭ? 1983ರ ಫೆಬ್ರವರಿಯ ಒಂದು ರಾತ್ರಿ ಇದಕ್ಕೆ ಉತ್ತರ ಕೊಡುತ್ತದೆ. ಮರೀನ್ ಎಲೆಕ್ಟ್ರಿಕ್ ಎಂಬ ಕಲ್ಲಿದ್ದಲಿನ ಹಡಗು ವರ್ಜೀನಿಯಾ ತೀರದ ಹತ್ತಿರ ಬಿರುಗಾಳಿಯಲ್ಲಿ ಮುಳುಗಿತು. ಮಹಾಯುದ್ಧದ ಕಾಲದ ಮುದಿ ಹಡಗು. ಸರಕುಕೋಣೆಯ ಮುಚ್ಚಳಗಳು ತುಕ್ಕು ಹಿಡಿದು ತೂತಾಗಿದ್ದವು. ಆದರೂ ಕಾಗದಗಳೆಲ್ಲ ಸರಿಯಿದ್ದವು. ಕೋಸ್ಟ್ ಗಾರ್ಡಿನ ತಪಾಸಕರೂ ನೋಡಿ ಬಿಟ್ಟಿದ್ದರು. ಹಡಗಿನಲ್ಲಿದ್ದ 34 ಜನರಲ್ಲಿ 31 ಜನ ಸತ್ತರು. ಹೆಚ್ಚಿನವರನ್ನು ಕೊಂದದ್ದು ಚಳಿ. ಜಾಕೆಟ್ ಕಟ್ಟಿಕೊಂಡು ತೇಲುತ್ತಿದ್ದರು, ಹೆಲಿಕಾಪ್ಟರ್ ತಲೆಯ ಮೇಲೆ ಬಂದು ಬುಟ್ಟಿ ಇಳಿಸಿತು, ಕೈ ಮರಗಟ್ಟಿ ಬುಟ್ಟಿ ಹಿಡಿಯಲು ಆಗಲಿಲ್ಲ.

ತನಿಖೆಗೆ ಕೂತ ಮಂಡಳಿಯಲ್ಲಿ ಡೊಮಿನಿಕ್ ಕಲಿಕ್ಕಿಯೊ ಎಂಬ ಕೋಸ್ಟ್ ಗಾರ್ಡ್ ಅಧಿಕಾರಿ ಇದ್ದರು. ತಮ್ಮದೇ ಪಡೆಯ ತಪಾಸಣೆ ಕೆಟ್ಟದಾಗಿತ್ತು ಎಂದು ವರದಿಯಲ್ಲಿ ಬರೆಯುವಂತೆ ಅವರು ಪಟ್ಟು ಹಿಡಿದರು. ಆಮೇಲೆ ಎರಡೂ ಕೈಗಳು ಬದಲಾದವು. ಸಹಿ ಹಾಕುವ ಕಡೆಯಲ್ಲಿ ಹಳೆಯ ಹಡಗುಗಳ ತಪಾಸಣೆ ಬಿಗಿಯಾಯಿತು, ಹಲವು ಹಡಗುಗಳು ಗುಜರಿಗೆ ಹೋದವು, ತಣ್ಣೀರಿನಲ್ಲಿ ಓಡುವ ಹಡಗುಗಳಲ್ಲಿ ಮೈ ಬೆಚ್ಚಗಿಡುವ ಉಡುಪು ಕಡ್ಡಾಯವಾಯಿತು. ಎತ್ತುವ ಕಡೆಯಲ್ಲಿ, ಹೆಲಿಕಾಪ್ಟರಿನಿಂದ ಸ್ವತಃ ನೀರಿಗೆ ಧುಮುಕುವ ಈಜುಗಾರರ ತಂಡ ತಯಾರಾಯಿತು. ಹೆಣ ಎತ್ತಿದವರ ಸಂಕಟ ಸಹಿ ಹಾಕುವವರ ಮೇಜಿಗೆ ನೇರವಾಗಿ ಮುಟ್ಟಿತು. ಎರಡು ಇಲಾಖೆಯಾಗಿದ್ದರೆ ನಡುವೆ ಎಷ್ಟು ಫೈಲು ಓಡಾಡಬೇಕಿತ್ತೋ!

ಇಲ್ಲಿಗೆ ಕಥೆ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಕೋಸ್ಟ್ ಗಾರ್ಡಿಗೂ ಕೆಲಸ ಹೆಚ್ಚಾಯಿತು, ಜನ ಸಾಲದಾದರು. ಹಡಗಿನ ಗಟ್ಟಿತನ ಅಳೆದು ಹೇಳುವ ತಜ್ಞ ಸಂಸ್ಥೆಗಳು ಪ್ರಪಂಚದಲ್ಲಿ ಮೊದಲಿಂದಲೂ ಇವೆ. ಕ್ಲಾಸ್ ಸೊಸೈಟಿ ಎನ್ನುತ್ತೇವೆ. ತಪಾಸಣೆಯ ಬಹುಪಾಲನ್ನು ಆ ಸಂಸ್ಥೆಗಳಿಗೆ ಒಪ್ಪಿಸುವ ಯೋಜನೆ 1990ರ ದಶಕದಲ್ಲಿ ಬಂತು. ಅವುಗಳಿಗೆ ಶುಲ್ಕ ಕೊಡುವವರು ಹಡಗಿನ ಮಾಲೀಕರು. 1838ರ ಐದು ಡಾಲರ್ ನೆನಪಿಸಿಕೊಳ್ಳಿ. 2015ರ ಅಕ್ಟೋಬರ್ 1ರಂದು ಎಲ್ ಫಾರೋ ಎಂಬ ಹಡಗು ಬಹಾಮಾ ದ್ವೀಪಗಳ ಬಳಿ ಹೊಕಿನ್ ಚಂಡಮಾರುತಕ್ಕೆ ಸಿಕ್ಕಿ ಮುಳುಗಿತು. 33 ಜನರಲ್ಲಿ ಒಬ್ಬರೂ ಉಳಿಯಲಿಲ್ಲ. ನಾಲ್ವತ್ತು ವರ್ಷ ಹಳೆಯ ಹಡಗು, ಮೇಲೆ ಮುಚ್ಚಿಗೆ ಇಲ್ಲದ ಹಳೇ ಕಾಲದ ಜೀವರಕ್ಷಕ ದೋಣಿಗಳು. ಹಳೆಯ ಹಡಗಿಗೆ ಹಳೆಯ ನಿಯಮ ಸಾಕು ಎಂಬ ಸವಲತ್ತಿನಿಂದ ಅದೂ ಕಾನೂನುಬದ್ಧವೇ. ಕ್ಯಾಪ್ಟನ್ ಚಂಡಮಾರುತದ ಹತ್ತಿರ ಹೋದದ್ದು ದೊಡ್ಡ ಕಾರಣ, ನಿಜ. ಆದರೆ ಕೋಸ್ಟ್ ಗಾರ್ಡಿನ ತನಿಖೆ ಇನ್ನೊಂದನ್ನೂ ಹೇಳಿತು: ಒಪ್ಪಿಸಿಕೊಟ್ಟ ತಪಾಸಣೆಯ ಮೇಲೆ ನಮ್ಮ ನಿಗಾ ಸಾಲದು. ಆ ಬಳಿಕ, 2018ರಲ್ಲಿ, ಅದನ್ನು ಬಿಗಿ ಮಾಡುವ ಕಾನೂನು ಬಂತು.

ಇಷ್ಟೆಲ್ಲ ಕಥೆಯಿಂದ ನನಗೆ ತಿಳಿದದ್ದು ಇಷ್ಟು. ಕೆಲಸವನ್ನು ಇನ್ನೊಬ್ಬರಿಗೆ ಒಪ್ಪಿಸಬಹುದು, ಒಪ್ಪಿಸದೆ ನಡೆಯುವುದೂ ಇಲ್ಲ. ಹೊಣೆಯನ್ನು ಒಪ್ಪಿಸಲು ಬರುವುದಿಲ್ಲ. ಒಪ್ಪಿಸಿದವನು ಆಗಾಗ ಹೋಗಿ ಜಾಕೆಟನ್ನು ತಾನೇ ಜಗ್ಗಿ ನೋಡಬೇಕು.

ಈಗ ನಮ್ಮ ಕಡೆ ಬರೋಣ. ನಮ್ಮ ದೇಶದ ಕೋಸ್ಟ್ ಗಾರ್ಡ್ 1977ರ ಫೆಬ್ರವರಿ 1ರಂದು ಶುರುವಾಯಿತು, ಮರುವರ್ಷ ಅದರ ಕಾಯ್ದೆ ಬಂತು. ಮೀನುಗಾರರಿಗೆ ಸಂಕಟದಲ್ಲಿ ನೆರವಾಗುವುದು, ಸಮುದ್ರದಲ್ಲಿ ಜೀವ ಉಳಿಸುವುದು ಅದರ ಕರ್ತವ್ಯಗಳಲ್ಲಿ ಸೇರಿವೆ. ಪಣಂಬೂರಿನಲ್ಲೂ ಕಾರವಾರದಲ್ಲೂ ಅವರಿದ್ದಾರೆ. ಆದರೆ ನಮ್ಮಲ್ಲಿ ದೊಡ್ಡ ಹಡಗಿನ ಪ್ರಮಾಣಪತ್ರ ಕೋಸ್ಟ್ ಗಾರ್ಡಿನ ಕೈಯಲ್ಲಿಲ್ಲ. ಅದು ಮುಂಬೈಯ ಡೈರೆಕ್ಟರ್ ಜನರಲ್ ಆಫ್ ಶಿಪ್ಪಿಂಗ್ ಅವರ ಕೆಳಗಿನ ಸರ್ವೇಯರುಗಳದು. ಮೀನುಗಾರಿಕೆ ಬೋಟಿನ ನೋಂದಣಿಗೆ ಮೀನುಗಾರಿಕೆ ಇಲಾಖೆ. ಹೊಳೆಯ ದೋಣಿಗಳು ರಾಜ್ಯ ಸರ್ಕಾರದ ಕೈಯಲ್ಲಿ. ಅದಕ್ಕೆ 1917ರ ಹಳೆಯ ಕಾಯ್ದೆ ಹೋಗಿ 2021ರಲ್ಲಿ ಹೊಸ ಕಾಯ್ದೆ ಬಂದಿದೆ. ಹೀಗೆ ಹಂಚಿದ್ದು ತಪ್ಪು, ಎಲ್ಲವನ್ನೂ ಕೋಸ್ಟ್ ಗಾರ್ಡಿಗೆ ಕೊಡಿ ಎಂದು ನಾನು ಹೇಳುವುದಿಲ್ಲ. ಅದಕ್ಕೆ ನಮ್ಮಲ್ಲಿ ಬೇಕಾದಷ್ಟು ಜನರೂ ಇಲ್ಲ, ವರ್ಗಾವಣೆಯ ತೊಂದರೆ ಅವರಿಗೂ ಇದೆ. ನಾನು ಕೇಳುವುದು ಒಂದೇ: ಮುಳುಗಿದ ಬೋಟಿನಿಂದ ಜನರನ್ನು ಎತ್ತಿದವರು ಕಂಡದ್ದು, ಮುಂದಿನ ಬೋಟಿಗೆ ಸಹಿ ಹಾಕುವವರಿಗೆ ತಲುಪುತ್ತಿದೆಯೇ? ತಲುಪಬೇಕು. ಅದಕ್ಕೆ ಹೊಸ ಇಲಾಖೆ ಬೇಡ, ಕೂತು ಮಾತನಾಡುವ ಪದ್ಧತಿ ಬೇಕು.

ನಿಮ್ಮಲ್ಲಿ ಹಲವರಿಗೆ 2018ರ ಡಿಸೆಂಬರ್ ನೆನಪಿದೆ. ಮಲ್ಪೆಯಿಂದ ಹೋದ ಸುವರ್ಣ ತ್ರಿಭುಜ ಬೋಟು ಏಳು ಜನರೊಂದಿಗೆ ಕಾಣೆಯಾಯಿತು. ತಿಂಗಳುಗಟ್ಟಲೆ ಕಾದ ಮೇಲೆ, ಮುಂದಿನ ಮೇ ತಿಂಗಳಲ್ಲಿ ನೌಕಾಪಡೆಯವರಿಗೆ ಮಹಾರಾಷ್ಟ್ರದ ತೀರದಾಚೆ ಸಮುದ್ರದ ತಳದಲ್ಲಿ ಅವಶೇಷ ಸಿಕ್ಕಿತು. ಆ ಏಳು ಮನೆಗಳ ದುಃಖ ನಮ್ಮದೇ ಎಂಬಂತೆ ನಾವೆಲ್ಲ ಅತ್ತಿದ್ದೇವೆ. ಆ ಬೋಟು ಕಾಣೆಯಾದ ಮರುತಿಂಗಳೇ, 2019ರ ಜನವರಿಯಲ್ಲಿ, ಕಾರವಾರದ ಕೂರ್ಮಗಡ ಜಾತ್ರೆಗೆ ಹೋದವರ ದೋಣಿ ಮಗುಚಿತು. ದೇವರ ದರ್ಶನ ಮಾಡಿ ಮರಳುತ್ತಿದ್ದ ಹತ್ತಕ್ಕೂ ಹೆಚ್ಚು ಜನ ಹೋದರು, ಅವರಲ್ಲಿ ಮಕ್ಕಳೂ ಇದ್ದರು. ಎತ್ತಲು ಕೋಸ್ಟ್ ಗಾರ್ಡ್ ಬಂತು, ನೌಕಾಪಡೆ ಬಂತು, ನಮ್ಮ ಮೀನುಗಾರರೂ ಧುಮುಕಿದರು. ಎಲ್ಲರೂ ಬಂದದ್ದು ದೋಣಿ ಮಗುಚಿದ ಮೇಲೆ. ಹತ್ತುವಾಗ ಲೆಕ್ಕ ಹಾಕಿ, "ಉಳಿದವರು ಮುಂದಿನ ಟ್ರಿಪ್ಪಿಗೆ" ಎನ್ನುವ ಒಬ್ಬರು ದಡದಲ್ಲಿ ಬೇಕಿತ್ತು. ಸುಲ್ತಾನಾ ಹಡಗಿಗೆ ಬೇಕಾಗಿದ್ದದ್ದೂ ಅಂಥವರೇ.

ಇನ್ನು ನಮ್ಮೂರು. ಆಚೆ ದಂಡೆಯ ಮಕ್ಕಳು ಇವತ್ತಿಗೂ ತಾರಿ ದೋಣಿಯಲ್ಲಿ ಹೊಳೆ ದಾಟಿ ಈ ಶಾಲೆಗೆ ಬರುತ್ತಾರೆ. ಜೂನ್‌ನಲ್ಲಿ ಹೊಳೆ ಕೆಂಪಾಗಿ ತುಂಬಿ ಹರಿಯುವಾಗ, ಅಳಿವೆಯ ಕಡೆಗೆ ಸೆಳೆತ ಇರುವಾಗಲೂ ಬರುತ್ತಾರೆ. ಮೊನ್ನೆ ನಾನೇ ಹೋಗಿ ಕೂತು ನೋಡಿದೆ. ದೋಣಿ ನಡೆಸುವ ತಮ್ಮ ಜಾಣ, ಜಾಗರೂಕ, ಅವನ ಮೇಲೆ ನನಗೆ ದೂರಿಲ್ಲ. ನಾಲ್ಕು ಲೈಫ್ ಜಾಕೆಟ್ ಇವೆ, ಹಲಗೆಯ ಕೆಳಗೆ. ಒಂದನ್ನು ತೆಗೆದು ಪಟ್ಟಿ ಜಗ್ಗಿದೆ, ಕೈಗೇ ಬಂತು. ಬೆಳಗಿನ ಎಂಟೂವರೆಯ ದೋಣಿಯಲ್ಲಿ ಇಪ್ಪತ್ತೆರಡು ಮಕ್ಕಳಿದ್ದರು.

ಸುವರ್ಣ ಮಹೋತ್ಸವದ ನೆನಪಿಗೆ ಒಂದು ಸ್ವಾಗತ ಕಮಾನು ಕಟ್ಟಿಸುವ ಮಾತು ನಡೆದಿದೆ. ಕಮಾನು ಬೇಡ ಎಂದರೆ ಸಮಿತಿಯವರು ಸಿಟ್ಟಾಗುತ್ತಾರೆ. ಸ್ವಲ್ಪ ಚಿಕ್ಕ ಕಮಾನು ಕಟ್ಟಿಸಿ. ಉಳಿದ ಹಣದಲ್ಲಿ ಮಕ್ಕಳ ಅಳತೆಯ ಮೂವತ್ತು ಲೈಫ್ ಜಾಕೆಟ್ ತರಿಸೋಣ. ಕಡಿಮೆ ಬಿದ್ದದ್ದನ್ನು ನಮ್ಮ ಬ್ಯಾಚಿನವರು ಹಾಕುತ್ತೇವೆ. ದೋಣಿಗೆ ಎಷ್ಟು ಜನ ಎಂದು ಇಲಾಖೆಯವರಿಂದ ಅಳತೆ ಮಾಡಿಸಿ, ಎರಡೂ ದಂಡೆಯಲ್ಲಿ ದೊಡ್ಡ ಅಕ್ಷರದಲ್ಲಿ ಬರೆಸೋಣ. ಅದರ ಕೆಳಗೆ ಕೋಸ್ಟ್ ಗಾರ್ಡಿನ ಉಚಿತ ಸಂಖ್ಯೆ 1554 ಬರೆಸೋಣ. ತಿಂಗಳಿಗೊಮ್ಮೆ ಜಾಕೆಟ್‌ಗಳ ಪಟ್ಟಿ ಜಗ್ಗಿ ನೋಡುವ ಕೆಲಸವನ್ನು ಒಂಬತ್ತನೆಯ ತರಗತಿಯ ಮಕ್ಕಳಿಗೆ ಒಪ್ಪಿಸೋಣ. ಅವರು ಒಂದು ಪುಸ್ತಕದಲ್ಲಿ ಬರೆದು ಸಹಿ ಹಾಕಲಿ. ವಿಜ್ಞಾನದ ಮಾಸ್ತರರು ಎರಡು ತಿಂಗಳಿಗೊಮ್ಮೆ ತಾವೇ ಹೋಗಿ ನೋಡಿ ಮೇಲೆ ಸಹಿ ಹಾಕಲಿ. ವರ್ಷಕ್ಕೊಮ್ಮೆ, ಮಳೆಗಾಲಕ್ಕೆ ಮುಂಚೆ, ನಾನು ಬಂದು ಪ್ರತಿಯೊಂದನ್ನೂ ಜಗ್ಗಿ ನೋಡುತ್ತೇನೆ. ನನ್ನ ಕೈಕಾಲು ಗಟ್ಟಿ ಇರುವವರೆಗೆ ಈ ಮಾತು ತಪ್ಪುವುದಿಲ್ಲ.

ಮಕ್ಕಳೇ, ಆ ಪುಸ್ತಕದಲ್ಲಿ "ನೋಡಿದೆ" ಎಂದು ಬರೆಯುವ ಮುಂಚೆ ದಯವಿಟ್ಟು ನೋಡಿ. ಒಂದು ತಿಂಗಳು ನೋಡಲು ಆಗದಿದ್ದರೆ "ಈ ತಿಂಗಳು ನೋಡಲಿಲ್ಲ" ಎಂದು ಬರೆಯಿರಿ. ಯಾರೂ ಬೈಯುವುದಿಲ್ಲ. ಅದನ್ನು ಓದಿದವರು ಯಾರಾದರೂ ಹೋಗಿ ನೋಡುತ್ತಾರೆ.

ನನ್ನ ಮಾಸ್ತರರು ಇಂದು ಇದ್ದಿದ್ದರೆ ಮೊದಲ ಸಾಲಿನಲ್ಲಿ ಕೂತಿರುತ್ತಿದ್ದರು. ಫೈರ್ ಪಂಪಿನ ಕಥೆಯನ್ನು ಅವರಿಗೆ ಹೇಳಲು ನನಗೆ ಧೈರ್ಯ ಬರಲೇ ಇಲ್ಲ. ಇಂದು ಅವರ ಶಾಲೆಯಲ್ಲಿ ನಿಂತು ನಿಮ್ಮೆಲ್ಲರ ಮುಂದೆ ಹೇಳಿದ್ದೇನೆ. ಮನಸ್ಸು ಹಗುರವಾಯಿತು.

ನಮ್ಮ ಶಾಲೆ ನೂರು ತುಂಬಲಿ.